ಲ್ಯಾಪ್‌ಟಾಪ್ ಹೇಳುವ ಸುಳ್ಳಿಗೆ ನಾವ್ಯಾಕೆ ದುಡ್ಡು ಕಟ್ಟಬೇಕು?

ರಾತ್ರಿ ಸಿಸ್ಟಮ್ ಅಪ್‌ಡೇಟ್ ಆಗುತ್ತೆ. ಲ್ಯಾಪ್‌ಟಾಪ್ ತಾನೇ ಆಫ್ ಆಗಿ ತಾನೇ ಆನ್ ಆಗುತ್ತೆ. ಬೆಳಿಗ್ಗೆ ನೋಡಿದರೆ ಕೆಳಗಿನ ಮೂಲೆಯಲ್ಲಿ ವೈಫೈ ಗುರುತು ಇಲ್ಲ. ಅದರ ಜಾಗದಲ್ಲಿ ಒಂದು ಗೋಲದ ಚಿತ್ರ, ಹಳೆಯ ಸಿಸ್ಟಮ್ ಆದರೆ ಒಂದು ಹಳದಿ ತ್ರಿಕೋನ. ಅದನ್ನು ಒತ್ತಿದರೆ ಇಂಗ್ಲಿಷಿನಲ್ಲಿ ಮೂರು ಪದ: 'ನೋ ಇಂಟರ್ನೆಟ್, ಸೆಕ್ಯೂರ್ಡ್'.

ಆದರೆ ಬ್ರೌಸರ್ ತೆರೆದರೆ ಪತ್ರಿಕೆ ಓದಬಹುದು. ಯೂಟ್ಯೂಬ್ ಓಡುತ್ತೆ. ಪಕ್ಕದಲ್ಲಿ ಅದೇ ವೈಫೈ ಹಿಡಿದ ಫೋನ್‌ಗೆ ವಾಟ್ಸ್ಆಪ್ ಸಂದೇಶ ಬರುತ್ತಲೇ ಇರುತ್ತೆ. ಇಂಟರ್ನೆಟ್ ಇದೆ. ಇಲ್ಲ ಅಂತ ಹೇಳುತ್ತಿರುವುದು ಲ್ಯಾಪ್‌ಟಾಪ್ ಮಾತ್ರ.

ಇದೊಂದು ಚಿಕ್ಕ ವಿಷಯ, ಇದಕ್ಕೊಂದು ಲೇಖನ ಬೇಕಾ ಅಂತ ನೀವು ಕೇಳಬಹುದು. ಬೇಕು. ಈ ಮೂರು ಪದ ನಂಬಿ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ, ಫೈಲು ಕಳೆದುಕೊಳ್ಳುತ್ತಿದ್ದಾರೆ, ತಪ್ಪೇ ಮಾಡದ ಕೇಬಲ್ ಹುಡುಗನಿಗೆ ಬೈಯುತ್ತಿದ್ದಾರೆ. ಸುಳ್ಳು ಹೇಳಿದ ಯಂತ್ರವನ್ನು ಮಾತ್ರ ಯಾರೂ ಪ್ರಶ್ನೆ ಮಾಡುತ್ತಿಲ್ಲ.

ಉಲ್ಲಾಳದ ರೂಮುಗಳ ಕಥೆ

ಇದು ರಾಣಿ ಅಬ್ಬಕ್ಕನ ಉಳ್ಳಾಲ ಅಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿಗೂ ನಾಗರಬಾವಿಗೂ ನಡುವೆ ಇರುವ ಉಲ್ಲಾಳ. ಒಂದು ಕಾಲಕ್ಕೆ ಹೊಲ, ಕೆರೆ ಇದ್ದ ಹಳ್ಳಿ. ಕೆರೆ ಇವತ್ತೂ ಇದೆ, ಹೊಲ ಲೇಔಟ್ ಆಗಿದೆ. ಜ್ಞಾನಭಾರತಿ ಕ್ಯಾಂಪಸ್ ಹತ್ತಿರ, ಮಲ್ಲತ್ತಹಳ್ಳಿಯ ಅಂಬೇಡ್ಕರ್ ಎಂಜಿನಿಯರಿಂಗ್ ಕಾಲೇಜು ಹತ್ತಿರ. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ನೇರಳೆ ಮೆಟ್ರೊ ಬಂದ ಮೇಲೆ ಇನ್ನೂ ಹತ್ತಿರವಾಯ್ತು. ಹಾಗಾಗಿ ಊರು ಬಿಟ್ಟು ಓದಲು, ಕೆಲಸ ಹುಡುಕಲು ಬಂದವರಿಗೆ ಇಲ್ಲಿ ರೂಮು, ಪಿಜಿ.

ಈ ರೂಮುಗಳಲ್ಲಿ ಇರುವ ಲ್ಯಾಪ್‌ಟಾಪ್‌ಗಳು ಎಂಥವು? ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಮಾರಿದ್ದು, ಎಸ್.ಪಿ. ರೋಡಿನಲ್ಲೋ ಪರಿಚಯದವರಿಂದಲೋ ಕೊಂಡಿದ್ದು. ಇಲ್ಲವೇ ಅಣ್ಣ ಓದಿ ಮುಗಿಸಿ ತಂಗಿಗೆ ಕೊಟ್ಟಿದ್ದು, ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ಹಂಚಿದ್ದು. ಅಪ್ಪ ಕುರಿ ಮಾರಿ ಕೊಡಿಸಿದ ಲ್ಯಾಪ್‌ಟಾಪ್ ಕೂಡ ಇವುಗಳಲ್ಲಿರುತ್ತೆ. ಅದು ಕೆಟ್ಟರೆ ಇನ್ನೊಂದು ಇಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಘೋಷಿಸಿದ್ದ ದಿನ 2025ರ ಅಕ್ಟೋಬರ್ 14. ಆ ದಿನ ಬಂತು, ಹೋಯಿತು. ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರೆಲ್ಲ ಅಪ್‌ಗ್ರೇಡ್ ಮಾಡಬೇಕಾ, ಬೇಡವಾ ಅನ್ನುವ ಚಿಂತೆಯಲ್ಲಿದ್ದಾರೆ. ಅಪ್‌ಗ್ರೇಡ್ ಮಾಡಿದ ಮೊದಲ ದಿನವೇ 'ಇಂಟರ್ನೆಟ್ ಇಲ್ಲ' ಅಂದರೆ ಎದೆ ಧಸಕ್ ಅನ್ನದೆ ಇರುತ್ತಾ?

ಮುಂದೆ ನಡೆಯುವುದು ಎಲ್ಲಾ ಕಡೆ ಒಂದೇ ಥರ. ಮೊದಲ ಫೋನು ವೈಫೈ ಕನೆಕ್ಷನ್ ಕೊಟ್ಟವರಿಗೆ. ಅವರ ಹುಡುಗ ಬೈಕಿನಲ್ಲಿ ಬಂದು ರೌಟರ್ ನೋಡಿ 'ನಮ್ ಕಡೆಯಿಂದ ಸರಿ ಇದೆ ಸಾರ್' ಅನ್ನುತ್ತಾನೆ. ಅವನು ನಿಜ ಹೇಳಿದರೂ ನಾವು ನಂಬುವುದಿಲ್ಲ, ಯಾಕೆಂದರೆ ಕಂಪ್ಯೂಟರೇ ಇಲ್ಲ ಅಂತ ಹೇಳಿದೆಯಲ್ಲ. ಆಮೇಲೆ ರಿಪೇರಿ ಅಂಗಡಿ. ಅಲ್ಲಿ ಎರಡು ನಿಮಿಷ ನೋಡಿ, 'ಸಾಫ್ಟ್‌ವೇರ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಬೇಕು' ಅನ್ನುವವರು ಇದ್ದಾರೆ. ದುಡ್ಡು ಹೋಯಿತು. ಡೆಸ್ಕ್‌ಟಾಪ್ ಮೇಲಿದ್ದ ಪ್ರಾಜೆಕ್ಟ್ ವರದಿ, ಅಂಕಪಟ್ಟಿಯ ಸ್ಕ್ಯಾನ್, ತಂಗಿ ಮದುವೆಯ ಫೋಟೋ ಎಲ್ಲವೂ ಹೋಯಿತು. ಇಂಟರ್ನೆಟ್ ಮಾತ್ರ ಮೊದಲಿನಿಂದಲೂ ಇತ್ತು.

ಅಂಗಡಿಯವರನ್ನೆಲ್ಲ ಕಳ್ಳರು ಅಂತ ನಾವು ಹೇಳುತ್ತಿಲ್ಲ. ಬಾಡಿಗೆ ಕಟ್ಟಬೇಕು, ಸಾಲಿನಲ್ಲಿ ಹತ್ತು ಜನ ನಿಂತಿದ್ದಾರೆ, ಕಾರಣ ಹುಡುಕುತ್ತಾ ಕೂರುವುದಕ್ಕಿಂತ ಫಾರ್ಮ್ಯಾಟ್ ಮಾಡುವುದು ಅವರಿಗೆ ಸುಲಭ. ಆದರೆ ಅವರ ಸುಲಭಕ್ಕೆ ನಮ್ಮ ಫೈಲುಗಳು ಬಲಿಯಾಗಬೇಕಿಲ್ಲ.

ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು?

ನಾವು ಕಂಪ್ಯೂಟರ್ ಎಂಜಿನಿಯರುಗಳಲ್ಲ. ಪತ್ರಿಕೋದ್ಯಮ ಓದಿದವರು. ಕ್ಲಾಸಿನಲ್ಲಿ ನಮಗೆ ಮೊದಲು ಕಲಿಸಿದ್ದು ಎರಡು ಪ್ರಶ್ನೆ: ಇದನ್ನು ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಮಂತ್ರಿ ಹೇಳಿದರೂ ಕೇಳಬೇಕು, ಪಂಚಾಯ್ತಿ ಅಧ್ಯಕ್ಷರು ಹೇಳಿದರೂ ಕೇಳಬೇಕು. ಲ್ಯಾಪ್‌ಟಾಪ್ ಹೇಳಿದರೆ ಯಾಕೆ ಕೇಳಬಾರದು?

ಕೇಳೋಣ. 'ಇಂಟರ್ನೆಟ್ ಇಲ್ಲ' ಅಂತ ಲ್ಯಾಪ್‌ಟಾಪ್‌ಗೆ ಹೇಗೆ ಗೊತ್ತು?

ವಿಂಡೋಸ್‌ನಲ್ಲಿ ಇದಕ್ಕೆಂದೇ ಒಂದು ಭಾಗ ಇದೆ. ವಿಂಡೋಸ್ ವಿಸ್ಟಾ ಕಾಲದಿಂದ ಇರುವ ಇದನ್ನು ಚಿಕ್ಕದಾಗಿ ಎನ್‌ಸಿಎಸ್‌ಐ ಅನ್ನುತ್ತಾರೆ. ವೈಫೈ ಹಿಡಿದ ಕೂಡಲೇ ಇದು ಮೈಕ್ರೋಸಾಫ್ಟ್‌ನ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ಒಂದು ಪುಟ್ಟ ಫೈಲ್ ತರುತ್ತೆ. ಆ ಫೈಲಿನಲ್ಲಿ ಇರುವುದು ಇಷ್ಟೇ: 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್'. ಇಂಗ್ಲಿಷಿನಲ್ಲಿ ಬರೆದರೆ ನಡುವಿನ ಖಾಲಿ ಜಾಗ ಸೇರಿ 22 ಅಕ್ಷರ. ಇದರ ಜೊತೆಗೆ ಇನ್ನೊಂದು ವಿಳಾಸ ಸರಿಯಾಗಿ ಸಿಗುತ್ತಾ ಅಂತಲೂ ನೋಡುತ್ತೆ. ಬಯಸಿದ ಉತ್ತರ ಬಯಸಿದ ಹಾಗೇ ಬಂದರೆ 'ಇಂಟರ್ನೆಟ್ ಇದೆ'. ಬರದಿದ್ದರೆ 'ಇಲ್ಲ' ಅನ್ನುವ ಕಡೆಗೆ ವಾಲುತ್ತೆ.

ಆಂಡ್ರಾಯ್ಡ್ ಫೋನ್ ಕೂಡ ಇಂಥದೇ ಕೆಲಸ ಮಾಡುತ್ತೆ. ಗೂಗಲ್‌ನ ಒಂದು ವಿಳಾಸಕ್ಕೆ ಹೋಗಿ 204 ಅನ್ನುವ ಸಂಖ್ಯೆ ಇರುವ ಖಾಲಿ ಉತ್ತರ ಬರುತ್ತಾ ಅಂತ ನೋಡುತ್ತೆ. ಐಫೋನ್ ಆಪಲ್‌ನ ಪುಟಕ್ಕೆ ಹೋಗಿ 'ಸಕ್ಸೆಸ್' ಅನ್ನುವ ಪದ ಹುಡುಕುತ್ತೆ. ಉಬುಂಟುಗೂ ಇಂಥದ್ದೊಂದು ವಿಳಾಸ ಇದೆ. ಒಬ್ಬೊಬ್ಬರದೂ ಒಂದೊಂದು ಬಾಗಿಲು, ತಟ್ಟಿ ನೋಡುವುದು ಮಾತ್ರ ಅವರವರ ಬಾಗಿಲನ್ನೇ.

ಇದನ್ನು ಹೀಗೆ ಯೋಚಿಸಿ. ಉಲ್ಲಾಳದಿಂದ ಬಸ್ ಓಡಾಡುತ್ತಿದೆಯಾ ಅಂತ ತಿಳಿಯಲು ಒಬ್ಬ ಹುಡುಗನನ್ನು ಕೆಂಗೇರಿಗೆ ಕಳಿಸುತ್ತೀರಿ. 'ಬಸ್ ನಿಲ್ದಾಣದ ಎದುರಿಗಿರುವ ಆ ಅಂಗಡಿಯಿಂದಲೇ ಒಂದು ಬೀಡಾ ಕಟ್ಟಿಸಿಕೊಂಡು ಬಾ' ಅನ್ನುತ್ತೀರಿ. ಅವತ್ತು ಆ ಅಂಗಡಿ ಬಾಗಿಲು ಹಾಕಿದೆ. ಹುಡುಗ ಬರಿಗೈಲಿ ವಾಪಸ್ ಬಂದ, ಬಸ್ಸಿನಲ್ಲೇ ಬಂದ. ನೀವು ಊರಿಗೆಲ್ಲ ಸಾರುತ್ತೀರಿ: 'ಇವತ್ತು ಬಸ್ ಇಲ್ಲ!'

ಲ್ಯಾಪ್‌ಟಾಪ್ ಮಾಡುತ್ತಿರುವುದು ಇದನ್ನೇ. ಅದಕ್ಕೆ ಗೊತ್ತಿರುವುದು 'ನನ್ನ ಪರೀಕ್ಷೆಯ ಪುಟ ಸಿಗಲಿಲ್ಲ' ಅನ್ನುವುದಷ್ಟೇ. ಅದು ಹೇಳುತ್ತಿರುವುದು 'ಇಂಟರ್ನೆಟ್ ಇಲ್ಲ' ಅಂತ. ಇವೆರಡೂ ಒಂದೇ ಮಾತಲ್ಲ. ನಮ್ಮ ಸುದ್ದಿಮನೆಯಲ್ಲಿ ಯಾರಾದರೂ ಹೀಗೆ ಬರೆದು ತಂದರೆ ಉಪಸಂಪಾದಕರು ಕಾಪಿ ವಾಪಸ್ ಮುಖಕ್ಕೆ ಎಸೆಯುತ್ತಾರೆ.

ಅಪ್‌ಗ್ರೇಡ್ ಆದ ಮೇಲೇ ಯಾಕೆ?

ಅಪ್‌ಗ್ರೇಡ್ ಅಂದರೆ ಮನೆಗೆ ಸುಣ್ಣ ಬಳಿದ ಹಾಗಲ್ಲ, ಗೋಡೆ ಒಡೆದು ವೈರಿಂಗ್ ಬದಲಿಸಿದ ಹಾಗೆ. ಒಳಗಿನ ಹಲವು ಜೋಡಣೆ ಅದಲು ಬದಲಾಗುತ್ತೆ. ಪರೀಕ್ಷೆಯ ಪುಟ ಸಿಗದಿರಲು ಕಾರಣ ಹಲವು.

ವಿಪಿಎನ್ ಒಂದು. ವಿಪಿಎನ್ ಹಾಕಿದ್ದರೆ ಎಲ್ಲಾ ಮಾತೂ ಬೇರೆ ದಾರಿಯಲ್ಲಿ ಹೋಗುತ್ತೆ. ಅಪ್‌ಗ್ರೇಡ್ ಆದ ಮೇಲೆ ಹಳೆಯ ವಿಪಿಎನ್ ಅರ್ಧ ಕೆಲಸ ಮಾಡಿ ಅರ್ಧ ಕೈಕೊಡಬಹುದು.

ಪ್ರಾಕ್ಸಿ ಇನ್ನೊಂದು. ಕಾಲೇಜು ಲ್ಯಾಬಿನಲ್ಲೋ ಹಿಂದಿನ ಆಫೀಸಿನಲ್ಲೋ ಹಾಕಿದ ಸೆಟ್ಟಿಂಗ್ ಹಾಗೇ ಉಳಿದಿರುತ್ತೆ. ಕಂಪನಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಮೊದಲು ಅನುಮಾನಿಸಬೇಕು.

ಹೊರಗಿನಿಂದ ಹಾಕಿಕೊಂಡ ಆಂಟಿವೈರಸ್ ಮೂರನೆಯದು. ಹೊಸ ಸಿಸ್ಟಮ್ ಕಳಿಸುವ ಪರೀಕ್ಷೆಯ ಮಾತನ್ನು ಅದು ಬಾಗಿಲಲ್ಲೇ ತಡೆಯಬಹುದು. ಜಾಹೀರಾತು ತಡೆಯಲು ಯಾರೋ ಹೇಳಿಕೊಟ್ಟು ಬದಲಿಸಿದ ಡಿಎನ್‌ಎಸ್ ನಾಲ್ಕನೆಯದು. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ಡೈರೆಕ್ಟರಿ. ಆ ಡೈರೆಕ್ಟರಿಯಲ್ಲಿ ಪರೀಕ್ಷೆಯ ವಿಳಾಸವನ್ನೇ ಹೊಡೆದು ಹಾಕಿದ್ದರೆ ಉಳಿದದ್ದೆಲ್ಲ ಸಿಕ್ಕರೂ ಅದು ಸಿಗುವುದಿಲ್ಲ. ವೈಫೈ ಕಾರ್ಡಿನ ಹಳೆಯ ಡ್ರೈವರ್ ಹೊಸ ಸಿಸ್ಟಮ್ ಜೊತೆ ಹೊಂದದಿರುವುದು ಐದನೆಯದು.

ಇವೆಲ್ಲ ಬಳಸುವವರ ಕಡೆಯ ಕಾರಣ. ಆದರೆ ಅಪ್‌ಡೇಟ್ ಕಳಿಸಿದವರೇ ಎಡವಿದ್ದೂ ಇದೆ, ಅದು ದಾಖಲೆಯಲ್ಲೂ ಇದೆ.

2020ರ ಫೆಬ್ರವರಿ ಕೊನೆಗೆ ವಿಂಡೋಸ್ 10ಕ್ಕೆ ಒಂದು ಅಪ್‌ಡೇಟ್ ಬಂತು. ಅದನ್ನು ಹಾಕಿಕೊಂಡ ಕಂಪ್ಯೂಟರ್‌ಗಳಲ್ಲಿ, ಅದರಲ್ಲೂ ವಿಪಿಎನ್ ಅಥವಾ ಪ್ರಾಕ್ಸಿ ಬಳಸುವವರಲ್ಲಿ, ಇಂಟರ್ನೆಟ್ ಇಲ್ಲ ಅಥವಾ ಅರೆಬರೆ ಇದೆ ಅನ್ನುವ ಗುರುತು ಕಾಣಿಸಿಕೊಂಡಿತು. ಕೆಲವು ಆ್ಯಪ್‌ಗಳಿಗೆ ನಿಜವಾಗಿಯೂ ಸಂಪರ್ಕ ಸಿಗದೆ ಹೋಯಿತು. ಮಾರ್ಚ್ ಕೊನೆಯ ವಾರ ಮೈಕ್ರೋಸಾಫ್ಟ್ ಈ ದೋಷವನ್ನು ಒಪ್ಪಿಕೊಂಡು, ತಿಂಗಳ ಮಾಮೂಲಿ ಅಪ್‌ಡೇಟಿಗೂ ಕಾಯದೆ ಮಾರ್ಚ್ 30ಕ್ಕೆ ತುರ್ತು ಪರಿಹಾರ ಬಿಡುಗಡೆ ಮಾಡಿತು.

ದಿನಾಂಕ ನೋಡಿ. ನಮ್ಮಲ್ಲಿ ದೇಶದ ಲಾಕ್‌ಡೌನ್ ಶುರುವಾಗಿದ್ದು 2020ರ ಮಾರ್ಚ್ 25ಕ್ಕೆ. ಜನ ಮನೆಯಿಂದ ಕೆಲಸ ಮಾಡಲು ವಿಪಿಎನ್ ಹಾಕಿಕೊಂಡು ಕೂತ ವಾರ ಅದು. ರಿಪೇರಿ ಅಂಗಡಿ ಮುಚ್ಚಿತ್ತು. ಅಂಥ ವಾರದಲ್ಲಿ ಕಂಪ್ಯೂಟರ್ 'ಇಂಟರ್ನೆಟ್ ಇಲ್ಲ' ಅಂದರೆ ಬಡಪಾಯಿ ಬಳಕೆದಾರ ಯಾರನ್ನು ಕೇಳಬೇಕಿತ್ತು? ತಪ್ಪು ಅವನದಾಗಿರಲಿಲ್ಲ, ಅವನ ಕೇಬಲ್‌ನವನದೂ ಆಗಿರಲಿಲ್ಲ.

'ಸೆಕ್ಯೂರ್ಡ್' ಅಂದರೆ ಏನು ಮಣ್ಣು?

ಈಗ ಆ ಮೂರನೆಯ ಪದಕ್ಕೆ ಬನ್ನಿ. 'ನೋ ಇಂಟರ್ನೆಟ್, ಸೆಕ್ಯೂರ್ಡ್'. ಇದನ್ನು ಓದಿದ ಸಾಮಾನ್ಯ ಮನುಷ್ಯನಿಗೆ ಏನನ್ನಿಸಬೇಕು? ಭದ್ರತೆಗಾಗಿ ಇಂಟರ್ನೆಟ್ ಬಂದ್ ಮಾಡಿದ್ದಾರೆ ಅನ್ನಿಸಬಹುದು. ಯಾರೋ ಲಾಕ್ ಮಾಡಿದ್ದಾರೆ ಅನ್ನಿಸಬಹುದು. ವೈರಸ್ ಬಂದಿದೆ ಅಂತ ಹೆದರಬಹುದು.

ಅದರ ಅರ್ಥ ಇಷ್ಟೇ: ನಿಮ್ಮ ವೈಫೈಗೆ ಪಾಸ್‌ವರ್ಡ್ ಇದೆ, ಲ್ಯಾಪ್‌ಟಾಪ್‌ಗೂ ರೌಟರ್‌ಗೂ ನಡುವಿನ ಮಾತು ಗೂಢಲಿಪಿಯಲ್ಲಿ ಹೋಗುತ್ತಿದೆ. ಅದು ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಅಂಟಿಸಿ, ಎರಡೂ ಅರ್ಥವಾಗದ ಹಾಗೆ ಮಾಡಿದ್ದಾರೆ.

'ವಿಂಡೋಸನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ, ಅರ್ಥ ಆಗುತ್ತೆ' ಅನ್ನುವವರಿದ್ದಾರೆ. ವಿಂಡೋಸ್ ಕನ್ನಡದಲ್ಲಿ ಸಿಗುವುದು ನಿಜ. ಸಿಗಬೇಕು, ಇನ್ನೂ ಚೆನ್ನಾಗಿ ಸಿಗಬೇಕು. ಆದರೆ ಇಂಗ್ಲಿಷಿನಲ್ಲಿರುವ ತಪ್ಪು ಮಾತನ್ನು ಕನ್ನಡಕ್ಕೆ ತಂದರೆ ಕನ್ನಡದ ತಪ್ಪು ಮಾತಾಗುತ್ತೆ, ಅಷ್ಟೇ. ನಮಗೆ ಬೇಕಾಗಿರುವುದು ಅನುವಾದಕ್ಕಿಂತ ಮೊದಲು ನಿಜ.

ಎಚ್ಚರಿಕೆ ನಿಜವಾಗಿರುವುದೂ ಉಂಟು

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಗುರುತು ಯಾವಾಗಲೂ ಸುಳ್ಳು ಅಂತ ನಾವು ಹೇಳುತ್ತಿಲ್ಲ. ರಸ್ತೆ ಅಗೆಯುವಾಗ ಫೈಬರ್ ಕಡಿದಿದ್ದರೆ ಅದು ನಿಜ. ತಿಂಗಳ ದುಡ್ಡು ಕಟ್ಟದೆ ಪ್ಲಾನ್ ಮುಗಿದಿದ್ದರೆ ವೈಫೈ ಗೀಟು ಪೂರ್ತಿ ಕಾಣಿಸುತ್ತೆ, ಇಂಟರ್ನೆಟ್ ಇರುವುದಿಲ್ಲ. ಕಾಲೇಜು ವೈಫೈ, ರೈಲು ನಿಲ್ದಾಣದ ವೈಫೈ ಹಿಡಿದಾಗ ಮೊದಲು ಫೋನ್ ನಂಬರ್ ಕೊಟ್ಟು ಲಾಗಿನ್ ಆಗಬೇಕು. ಅಲ್ಲಿಯವರೆಗೆ ಇಂಟರ್ನೆಟ್ ಇಲ್ಲ. ಆ ಲಾಗಿನ್ ಪುಟ ತಾನಾಗಿ ಎದ್ದು ಬರುವುದು ಈ ಪರೀಕ್ಷೆಯ ದೆಸೆಯಿಂದಲೇ. ಹಾಗಾಗಿ ಪರೀಕ್ಷೆ ಬೇಡ ಅನ್ನುವುದು ನಮ್ಮ ವಾದವಲ್ಲ. ಪರೀಕ್ಷೆ ಇರಲಿ, ಫಲಿತಾಂಶವನ್ನು ಇದ್ದ ಹಾಗೆ ಹೇಳಲಿ.

ಇನ್ನೊಂದು ಎಚ್ಚರಿಕೆ ಇದೆ, ಅದನ್ನು ಇದರ ಜೊತೆ ಕಲಸಬೇಡಿ. ಅಪ್‌ಗ್ರೇಡ್ ಆದ ಮೇಲೆ ಕೆಲವರಿಗೆ 'ಈ ವೈಫೈ ಸುರಕ್ಷಿತವಲ್ಲ, ಹಳೆಯ ಭದ್ರತಾ ವಿಧಾನ ಬಳಸುತ್ತಿದೆ' ಅನ್ನುವ ಅರ್ಥದ ಮಾತು ಬರುತ್ತೆ. ನಿನ್ನೆಯವರೆಗೆ ಇಲ್ಲದ್ದು ಇವತ್ತು ಯಾಕೆ ಅಂತ ಜನ ಸಿಟ್ಟಾಗುತ್ತಾರೆ. ಆದರೆ ಇದು ನಿಜವಾದ ಎಚ್ಚರಿಕೆ. ನಿಮ್ಮ ರೌಟರ್ ನಿನ್ನೆಯೂ ದುರ್ಬಲವಾಗಿತ್ತು, ಹೊಸ ಸಿಸ್ಟಮ್ ಅದನ್ನು ಇವತ್ತು ಹೇಳುತ್ತಿದೆ. ವೆಪ್ ಅನ್ನುವ ಹಳೆಯ ವಿಧಾನವನ್ನು ಮುರಿಯಬಹುದು ಅಂತ 2001ರಲ್ಲೇ ತೋರಿಸಿದ್ದಾರೆ. ರೌಟರ್ ಹಾಕಿದ ಹುಡುಗನಿಗೆ ಹೇಳಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3ಕ್ಕೆ ಬದಲಿಸಿ. ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಡ, ಫಾರ್ಮ್ಯಾಟ್ ಬೇಡ. ರೌಟರ್ ತುಂಬಾ ಹಳೆಯದಾಗಿದ್ದರೆ ಮಾತ್ರ ಅದನ್ನು ಬದಲಿಸಬೇಕಾಗಬಹುದು.

ಅಂಗಡಿಗೆ ಹೋಗುವ ಮೊದಲು

ಮೊದಲು, ಫೋನ್‌ನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತೆ, ಫೋನ್ ಸದ್ದಿಲ್ಲದೆ ಸಿಮ್ ಡೇಟಾ ಬಳಸಿಕೊಳ್ಳುತ್ತೆ. ಆಮೇಲೆ ಅದೇ ವೈಫೈ ಹಿಡಿದು ಇವತ್ತಿನ ಪತ್ರಿಕೆ ತೆರೆಯಿರಿ. ನಿನ್ನೆ ತೆರೆದ ಪುಟ ಬೇಡ, ಅದು ಫೋನಿನ ನೆನಪಿನಿಂದ ಬರಬಹುದು. ಪುಟ ಬಂದರೆ ಕೇಬಲ್‌ನವನ ತಪ್ಪಿಲ್ಲ. ಬರದಿದ್ದರೆ ಲ್ಯಾಪ್‌ಟಾಪ್ ಮುಟ್ಟಲೇಬೇಡಿ, ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ.

ಎರಡನೆಯದು, ಲ್ಯಾಪ್‌ಟಾಪ್‌ನಲ್ಲಿ ಮೂಲೆಯ ಗುರುತು ನೋಡಬೇಡಿ, ಬ್ರೌಸರ್‌ನಲ್ಲಿ ಹೊಸ ಪುಟ ತೆರೆದು ನೋಡಿ. ಬಂದರೆ ಇಂಟರ್ನೆಟ್ ಇದೆ. ಉಳಿದದ್ದು ಗುರುತಿನ ಸಮಸ್ಯೆ. ಆದರೆ ಕೆಲವು ಆ್ಯಪ್‌ಗಳು ಆ ಗುರುತನ್ನೇ ನಂಬಿ 'ನೀವು ಆಫ್‌ಲೈನ್ ಇದ್ದೀರಿ' ಅನ್ನಬಹುದು. ಅದಕ್ಕಾಗಿ ಮುಂದಿನ ಹೆಜ್ಜೆ.

ಮೂರನೆಯದು, ವಿಪಿಎನ್ ಇದ್ದರೆ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಅನ್ನುವ ಜಾಗಕ್ಕೆ ಹೋಗಿ, ಕೈಯಾರೆ ಹಾಕಿದ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ. ಕಾಲೇಜಿನದೋ ಆಫೀಸಿನದೋ ಲ್ಯಾಪ್‌ಟಾಪ್ ಆಗಿದ್ದರೆ ಅವರನ್ನು ಕೇಳಿ ಮಾಡಿ.

ನಾಲ್ಕನೆಯದು, ರೌಟರ್ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಲ್ಯಾಪ್‌ಟಾಪನ್ನೂ ರೀಸ್ಟಾರ್ಟ್ ಮಾಡಿ. ಮುಚ್ಚಳ ಮುಚ್ಚಿ ತೆಗೆಯುವುದಲ್ಲ, ರೀಸ್ಟಾರ್ಟ್. ಆಮೇಲೂ ಸರಿ ಹೋಗದಿದ್ದರೆ ವೈಫೈ ಹೆಸರಿನ ಮೇಲೆ 'ಫರ್ಗೆಟ್' ಕೊಟ್ಟು ಮತ್ತೆ ಪಾಸ್‌ವರ್ಡ್ ಹಾಕಿ ಸೇರಿಸಿ. ಪಾಸ್‌ವರ್ಡ್ ಗೊತ್ತಿಲ್ಲದೆ ಫರ್ಗೆಟ್ ಕೊಡಬೇಡಿ.

ಐದನೆಯದು, ದಿನಾಂಕ, ಸಮಯ ಸರಿ ಇದೆಯಾ ನೋಡಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿರುತ್ತೆ. ಆಗ ಬ್ರೌಸರ್ ಒಂದೊಂದು ಪುಟಕ್ಕೂ 'ಸುರಕ್ಷಿತವಲ್ಲ' ಅಂತ ಅಡ್ಡ ಹಾಕುತ್ತೆ. ತಾರೀಕು ಸರಿ ಮಾಡಿದರೆ ಸಾಕು.

ಆರನೆಯದು, ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ ಟೆದರಿಂಗ್ ಆನ್ ಮಾಡಿ. ಆಗ ಎಲ್ಲವೂ ಸರಿ ಇದ್ದು ವೈಫೈನಲ್ಲಿ ಮಾತ್ರ ಕೆಟ್ಟರೆ ವೈಫೈ ಡ್ರೈವರ್ ಮೇಲೆ ಅನುಮಾನ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ವೆಬ್‌ಸೈಟಿನಿಂದಲೇ ಡ್ರೈವರ್ ತಂದು ಹಾಕಿ.

ಕೊನೆಯದು, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ರಿಸೆಟ್' ಇದೆ. ಇದು ನಿಮ್ಮ ಫೈಲು, ಫೋಟೋ ಮುಟ್ಟುವುದಿಲ್ಲ. ಉಳಿಸಿದ ವೈಫೈ ಪಾಸ್‌ವರ್ಡ್‌ಗಳು, ವಿಪಿಎನ್ ಜೋಡಣೆ ಮಾತ್ರ ಹೋಗುತ್ತೆ. ಅವನ್ನು ಬರೆದಿಟ್ಟುಕೊಂಡು ಒತ್ತಿ. ಇದಕ್ಕೂ ಬಗ್ಗದಿದ್ದರೆ, ದೊಡ್ಡ ಅಪ್‌ಗ್ರೇಡ್ ಆಗಿ 10 ದಿನದ ಒಳಗಾದರೆ 'ರಿಕವರಿ' ಅನ್ನುವಲ್ಲಿ 'ಗೋ ಬ್ಯಾಕ್' ಕೊಟ್ಟು ಹಿಂದಿನ ಸಿಸ್ಟಮ್‌ಗೆ ಮರಳಬಹುದು. ಅದಕ್ಕೆ ಮುಂಚೆ ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಆಗದಿದ್ದರೆ ಅಂಗಡಿಗೆ ಹೋಗಿ. ಹೋದಾಗ 'ನೆಟ್ ಬರ್ತಿಲ್ಲ' ಅನ್ನಬೇಡಿ. 'ಫೋನ್‌ಗೆ ಬರುತ್ತೆ, ಬ್ರೌಸರ್‌ಗೆ ಬರುತ್ತೆ, ಗುರುತು ಮಾತ್ರ ಇಲ್ಲ ಅನ್ನುತ್ತೆ' ಅನ್ನಿ. ಇಷ್ಟು ಹೇಳಿದ ಗಿರಾಕಿಗೆ ಫಾರ್ಮ್ಯಾಟ್ ಅನ್ನಲು ಯಾರಿಗಾದರೂ ಎರಡು ಸಲ ಯೋಚನೆ ಬರುತ್ತೆ.

ಮಾಡಬಾರದ್ದು

ಗುರುತು ಕಾಣಿಸದ ಹಾಗೆ ಮಾಡುವ ಉಪಾಯವನ್ನು ಹಲವು ವಿಡಿಯೊಗಳು ಹೇಳಿಕೊಡುತ್ತವೆ: ರಿಜಿಸ್ಟ್ರಿ ತೆರೆದು, ಪರೀಕ್ಷೆಯನ್ನೇ ಬಂದ್ ಮಾಡಿ. ಇದು ಮನೆಯಲ್ಲಿ ಹೊಗೆ ಬಂದಾಗ ಕೂಗುವವನ ಬಾಯಿಗೆ ಬಟ್ಟೆ ತುರುಕಿದ ಹಾಗೆ. ನಾಳೆ ನಿಜವಾಗಿ ಕಾಲೇಜು ವೈಫೈಗೆ ಲಾಗಿನ್ ಆಗಬೇಕಾದಾಗ ಪುಟ ಎದ್ದು ಬರುವುದಿಲ್ಲ. ರಿಜಿಸ್ಟ್ರಿಯಲ್ಲಿ ಬೇರೆ ಏನನ್ನಾದರೂ ಮುಟ್ಟಿಬಿಟ್ಟರೆ ಅದು ಬೇರೆಯದೇ ಗೋಳು.

ಇನ್ನೊಂದು ಅಪಾಯ ದೊಡ್ಡದು. 'ನಿಮ್ಮ ವೈಫೈ ಹ್ಯಾಕ್ ಆಗಿದೆ, ಈ ನಂಬರ್‌ಗೆ ಫೋನ್ ಮಾಡಿ' ಅಂತ ಪರದೆ ತುಂಬ ಕೆಂಪು ಪೆಟ್ಟಿಗೆ ಬಂದರೆ ಅದು ಸಿಸ್ಟಮ್ ಎಚ್ಚರಿಕೆ ಅಲ್ಲ, ಮೋಸ. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಫೋನ್ ಮಾಡಬೇಡಿ, ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಕೊಳ್ಳಬೇಡಿ, ಒಟಿಪಿ ಹೇಳಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಸಲಿ ಎಚ್ಚರಿಕೆ ಅರ್ಧ ಸುಳ್ಳು ಹೇಳುವುದರಿಂದ ಆಗುವ ನಷ್ಟವೂ ಇದೇ. ಯಾವುದು ಅಸಲಿ, ಯಾವುದು ನಕಲಿ ಅನ್ನುವ ವಿವೇಕವೇ ಜನರಿಗೆ ಹೋಗುತ್ತೆ. ಒಬ್ಬರು ಎಲ್ಲಾ ಎಚ್ಚರಿಕೆಗೂ ಹೆದರುತ್ತಾರೆ, ಇನ್ನೊಬ್ಬರು ಯಾವ ಎಚ್ಚರಿಕೆಯನ್ನೂ ನಂಬುವುದಿಲ್ಲ. ಇಬ್ಬರೂ ಮೋಸಗಾರನಿಗೆ ಸುಲಭದ ತುತ್ತು.

'ಜನರಿಗೆ ಅಷ್ಟೆಲ್ಲ ಅರ್ಥ ಆಗಲ್ಲ'

ಇದಕ್ಕೆ ಕಂಪ್ಯೂಟರ್ ತಿಳಿದವರು ಕೊಡುವ ಉತ್ತರ ಒಂದಿದೆ. 'ಸಾಮಾನ್ಯ ಜನರಿಗೆ ಪರೀಕ್ಷೆಯ ಪುಟ, ಡಿಎನ್‌ಎಸ್ ಅಂತೆಲ್ಲ ಹೇಳಿದರೆ ತಲೆ ಕೆಡುತ್ತೆ. ಅದಕ್ಕೇ ಸರಳವಾಗಿ ಹೇಳಿದ್ದಾರೆ.'

ಸರಳ ಬೇರೆ, ಸುಳ್ಳು ಬೇರೆ. ನಮ್ಮೂರಿನ ನರ್ಸಮ್ಮ ನಾಡಿ ಸಿಗದಿದ್ದರೆ 'ಈ ಕೈಲಿ ಸಿಗ್ತಿಲ್ಲ, ಆ ಕೈ ಕೊಡಿ' ಅನ್ನುತ್ತಾರೆ. ಅದು ಸರಳ, ಅದು ನಿಜ, ಅದು ಎಲ್ಲರಿಗೂ ಅರ್ಥವಾಗುತ್ತೆ. 'ನಾಡಿ ಇಲ್ಲ' ಅಂತ ಹೊರಗೆ ಬಂದು ಮನೆಯವರಿಗೆ ಹೇಳುವುದಿಲ್ಲ.

ಲ್ಯಾಪ್‌ಟಾಪ್ ಕೂಡ ಹೀಗೆ ಹೇಳಬಹುದಿತ್ತು: 'ವೈಫೈ ಸಿಕ್ಕಿದೆ. ನಮ್ಮ ಪರೀಕ್ಷೆಯ ಪುಟ ಸಿಗಲಿಲ್ಲ. ಇಂಟರ್ನೆಟ್ ಇರಲೂಬಹುದು. ಒಂದು ಪುಟ ತೆರೆದು ನೋಡಿ.' ಇದರಲ್ಲಿ ಅರ್ಥವಾಗದ್ದು ಏನಿದೆ? ಪಹಣಿ ಓದಿ ಖರಾಬು ಎಷ್ಟು, ಸಾಗುವಳಿ ಎಷ್ಟು ಅಂತ ಲೆಕ್ಕ ಹಾಕುವ ರೈತನಿಗೆ, ಸಂಘದ ಸಾಲದ ಬಡ್ಡಿ ಬಾಯಲ್ಲೇ ಹೇಳುವ ಹೆಂಗಸಿಗೆ ಈ ನಾಲ್ಕು ವಾಕ್ಯ ಅರ್ಥವಾಗುವುದಿಲ್ಲವೇ? ಅರ್ಥವಾಗುವ ಹಾಗೆ ಹೇಳುವ ಕಷ್ಟ ತೆಗೆದುಕೊಳ್ಳದವರು ಜನರ ದಡ್ಡತನದ ಮೇಲೆ ಹಾಕುತ್ತಿದ್ದಾರೆ.

ಇದು ಲ್ಯಾಪ್‌ಟಾಪ್ ಮಾತ್ರದ ರೋಗವೂ ಅಲ್ಲ. ನಾಡಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ನಾವು ಕೇಳುತ್ತಾ ಬೆಳೆದ ಮಾತು ಯಾವುದು? 'ಸರ್ವರ್ ಇಲ್ಲ, ನಾಳೆ ಬನ್ನಿ.' ಕೂಲಿ ಬಿಟ್ಟು ಬಂದವಳು ಹಾಗೇ ವಾಪಸ್ ಹೋಗುತ್ತಾಳೆ. ಸರ್ವರ್ ಇಲ್ಲವಾ, ಅಂಗಡಿಯ ನೆಟ್ ಇಲ್ಲವಾ, ಬೆರಳಚ್ಚಿನ ಯಂತ್ರ ಕೆಟ್ಟಿದೆಯಾ, ಇಲ್ಲಾ ಅವರಿಗೆ ಇವತ್ತು ಮನಸ್ಸಿಲ್ಲವಾ? ನಾಲ್ಕಕ್ಕೂ ಒಂದೇ ಉತ್ತರ. ನಾಲ್ಕಕ್ಕೂ ಒಂದೇ ಉತ್ತರ ಇರುವ ಕಡೆ ಯಾರ ಮೇಲೂ ಹೊಣೆ ಬೀಳುವುದಿಲ್ಲ. ಹೊಣೆ ಬೀಳದ ಕಡೆ ದಂಡ ಕಟ್ಟುವವರು ನಾವೇ.

ಹಾಗಾಗಿ ನಮ್ಮ ಕೋರಿಕೆ ಎರಡು. ಸಿಸ್ಟಮ್ ಮಾಡುವವರಿಗೆ: ನಿಮಗೆ ಗೊತ್ತಿರುವಷ್ಟನ್ನೇ ಹೇಳಿ, ಗೊತ್ತಿಲ್ಲದ್ದನ್ನು ತೀರ್ಪಿನ ಹಾಗೆ ಹೇಳಬೇಡಿ, ಕನ್ನಡದಲ್ಲೂ ನಿಜವನ್ನೇ ಹೇಳಿ. ಓದುವ ನಿಮಗೆ: ಯಂತ್ರ 'ಇಲ್ಲ' ಅಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ. ಏನಿಲ್ಲ? ಎಲ್ಲಿ ಇಲ್ಲ? ಹೇಗೆ ಗೊತ್ತಾಯ್ತು? ಈ ಮೂರು ಪ್ರಶ್ನೆ ಲ್ಯಾಪ್‌ಟಾಪ್‌ಗೂ ಕೇಳಿ, ರಿಪೇರಿ ಅಂಗಡಿಯಲ್ಲೂ ಕೇಳಿ, ನಾಡಕಚೇರಿ ಕಿಟಕಿಯಲ್ಲೂ ಕೇಳಿ. ಕೇಳುವುದಕ್ಕೆ ದುಡ್ಡು ಬೇಡ, ಡೇಟಾ ಕೂಡ ಬೇಡ.